ರಜೆ ಮುಗಿಯಿತು ಅಂತ ಎದೆಹಾಲು ಯಾಕೆ ಮುಗಿಯಬೇಕು?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಬಳ್ಳಾರಿಯವಳು, ಕೌಲ್ ಬಜಾರ್ ಕಡೆ ಮನೆ. ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ನಾಲ್ಕು ವರ್ಷದಿಂದ ಲೆಕ್ಕ ಬರೆಯುವ ಕೆಲಸ. ಎಲ್ಲಾ ಸೇರಿ ಅರವತ್ತೆಪ್ಪತ್ತು ಜನ ಇದ್ದೇವೆ. ಮಗಳಿಗೆ ಈಗ ನಾಲ್ಕೂವರೆ ತಿಂಗಳು, ಬರೀ ಎದೆಹಾಲೇ. ಮುಂದಿನ ತಿಂಗಳು ರಜೆ ಮುಗಿಯುತ್ತದೆ. ಒಂಬತ್ತೂವರೆಗೆ ಹೋದರೆ ಸಂಜೆ ಆರಕ್ಕೆ ಬಿಡುತ್ತಾರೆ. ಅಲ್ಲಿ ಹಾಲು ತೆಗೆಯಲು ಜಾಗ ಇಲ್ಲ, ಇರುವುದು ಒಂದು ಬಾತ್‌ರೂಮು ಅಷ್ಟೇ. ಕೇಳಿದ್ದಕ್ಕೆ ಮ್ಯಾನೇಜರ್ "ಡಬ್ಬಿ ಹಾಲು ಶುರು ಮಾಡಿ ಬನ್ನಿ" ಅಂದರು. ಅತ್ತೆ ಒಳ್ಳೆಯವರು, ಆದರೆ ತೆಗೆದಿಟ್ಟ ಹಾಲು ಕೆಡುತ್ತದೆ, ದೃಷ್ಟಿ ಆಗುತ್ತದೆ, ಬಿಸಿಲಲ್ಲಿ ಬಂದು ಕುಡಿಸಿದರೆ ಅದು ಕಾದ ಹಾಲು, ಮಗುವಿಗೆ ಆಗಿಬರೋದಿಲ್ಲ ಅಂತಾರೆ. ಪಕ್ಕದ ಮನೆಯವಳಿಗೆ ಕೆಲಸಕ್ಕೆ ಹೋದ ಹದಿನೈದು ದಿನಕ್ಕೆ ಹಾಲು ಬತ್ತಿತು. ನನಗೂ ಹಾಗೇ ಆಗುತ್ತದಾ? ಇನ್ನೊಂದು ಮಾತು. ನನ್ನ ನಾದಿನಿ ಸಿರುಗುಪ್ಪ ಕಡೆ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುತ್ತಾಳೆ, ಅವಳದು ಮೂರು ತಿಂಗಳ ಕೂಸು. ಅವಳಿಗೆ ಆಫೀಸೂ ಇಲ್ಲ, ರಜೆಯೂ ಇಲ್ಲ. ಅವಳು ಏನು ಮಾಡಬೇಕು?

ಉತ್ತರ: ತಂಗೀ, ಮೊದಲು ಆ ಹೆದರಿಕೆಯ ಮಾತು ತೆಗೆದುಕೊಳ್ಳೋಣ. ಪಕ್ಕದ ಮನೆಯವರ ಹಾಲು ಬತ್ತಿದ್ದು ಅವರ ಮೈಯಲ್ಲಿ ಏನೋ ಕಡಿಮೆ ಇತ್ತು ಅಂತ ಅಲ್ಲ. ಕೆಲಸದ ಜಾಗದಲ್ಲಿ ಹಾಲು ತೆಗೆಯಲು ಅವರಿಗೆ ಹೊತ್ತು ಸಿಗಲಿಲ್ಲ, ಕೂರಲು ಜಾಗ ಸಿಗಲಿಲ್ಲ. ಇದೇ ಕಾರಣ ಅಂತ ನಾನು ಧೈರ್ಯವಾಗಿ ಹೇಳಬಲ್ಲೆ, ಯಾಕೆಂದರೆ ಇಪ್ಪತ್ತು ವರ್ಷದಿಂದ ನನ್ನ ಹತ್ತಿರ ಬರುವ ತಾಯಂದಿರಲ್ಲಿ ನೋಡುತ್ತಾ ಬಂದಿರುವುದು ಇದನ್ನೇ.

ಬೇಸಿಗೆಯಲ್ಲಿ ಹಗರಿ ಹೊಳೆಯ ಮರಳಿನಲ್ಲಿ ವರ್ತಿ ತೋಡೋದು ನೋಡಿದ್ದೀರಿ ಅಲ್ವಾ? ನೀರು ಮೊಗೆದಷ್ಟೂ ಒಳಗಿಂದ ಬರುತ್ತಲೇ ಇರುತ್ತದೆ. ಎರಡು ದಿನ ಯಾರೂ ಮೊಗೆಯದೆ ಬಿಟ್ಟರೆ ಮರಳು ಕುಸಿದು ಮುಚ್ಚಿಹೋಗುತ್ತದೆ. ಎದೆಹಾಲೂ ಹಾಗೇ. ಕೂಸು ಚೀಪಿದಾಗ ತಾಯಿಯ ಮೆದುಳಿನಿಂದ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಬರುತ್ತದೆ, ಅದು ಹಾಲು ಉತ್ಪತ್ತಿ ಮಾಡಿಸುತ್ತದೆ. ಆಕ್ಸಿಟೋಸಿನ್ ಅನ್ನುವ ಇನ್ನೊಂದು ಆ ಹಾಲನ್ನು ಕೆಳಗೆ ಇಳಿಸುತ್ತದೆ. ಎದೆ ಖಾಲಿಯಾದರೆ "ಇನ್ನೂ ಬೇಕು" ಅಂತ ಮೈಗೆ ಗೊತ್ತಾಗುತ್ತದೆ. ಒಂಬತ್ತು ಗಂಟೆ ಹೊತ್ತು ತುಂಬಿಕೊಂಡೇ ಇದ್ದರೆ "ಸಾಕು, ಬೇಡ" ಅಂತ ಗೊತ್ತಾಗುತ್ತದೆ. ಹೀಗೆ ದಿನಾ ಆದರೆ ಎರಡು ವಾರದಲ್ಲಿ ಹಾಲು ಇಳಿಮುಖ ಆಗುವುದು ಸಹಜ. ಅಳ್ವಿ ಪಾಯಸ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಎಲ್ಲಾ ತಿನ್ನಿ, ಬೇಡ ಅನ್ನೋದಿಲ್ಲ, ಬಾಣಂತಿಗೆ ಒಳ್ಳೆಯ ಊಟ ಬೇಕೇ ಬೇಕು. ಆದರೆ ತುಂಬಿದ ಎದೆಯನ್ನು ಖಾಲಿ ಮಾಡದೆ ಎಷ್ಟು ಅಳ್ವಿ ತಿಂದರೂ ಪ್ರಯೋಜನ ಇಲ್ಲ.

ನನ್ನ ವಿಷಯ ಹೇಳುತ್ತೇನೆ. ಮೊದಲ ಮಗ ಹುಟ್ಟಿದಾಗ ನಾನು ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್. ಆಗ ಕಾಯ್ದೆಯಲ್ಲಿ ಇದ್ದದ್ದೇ ಹನ್ನೆರಡು ವಾರ ರಜೆ. ರಜೆ ಮುಗಿಸಿ ಬಂದ ಮೊದಲ ದಿನ ಹನ್ನೊಂದು ಗಂಟೆಗೆಲ್ಲ ಎದೆ ಕಲ್ಲಿನ ಹಾಗೆ ಆಗಿ, ಯೂನಿಫಾರ್ಮ್ ಮುಂದೆ ಎರಡು ಕಡೆ ಒದ್ದೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸಿಂಕಿಗೆ ಹಿಂಡಿದೆ. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ವಾರ್ಡಿನಲ್ಲಿ ಬಾಣಂತಿಯರ ಪಕ್ಕ ಕೂತು ಕೂಸನ್ನು ಹೇಗೆ ಎದೆಗೆ ಹಿಡಿಯಬೇಕು ಅಂತ ಹೇಳಿಕೊಡುತ್ತಿದ್ದವಳು ನಾನು. ನನ್ನ ಮಗನ ಹಾಲು ಮಾತ್ರ ಆ ಸಿಂಕಿನ ತೂತಿನಲ್ಲಿ ಇಳಿದು ಹೋಗುವುದನ್ನು ದಿನಾ ನೋಡಿದೆ. ಒಂದೂವರೆ ತಿಂಗಳಿಗೆ ಹಾಲು ನಿಂತಿತು. "ನಿನಗೆ ಹಾಲು ಸಾಲಲಿಲ್ಲ" ಅಂದರು ಮನೆಯಲ್ಲಿ, ನಾನೂ ನಂಬಿಬಿಟ್ಟೆ. ಎಷ್ಟೋ ವರ್ಷ ಆದ ಮೇಲೆ ತಿಳಿಯಿತು, ನನಗೆ ಸಾಲದೆ ಹೋದದ್ದು ಹದಿನೈದು ಹದಿನೈದು ನಿಮಿಷದ ಬಿಡುವು, ಚಿಲಕ ಇರುವ ಒಂದು ಕೋಣೆ. ನಿಮಗೆ ಹಾಗೆ ಆಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ನಿಮ್ಮ ದಿನದ ಲೆಕ್ಕ. ಒಂದರಿಂದ ಆರು ತಿಂಗಳ ನಡುವೆ ಕೂಸು ದಿನಕ್ಕೆ ಕುಡಿಯುವ ಹಾಲು ಜಾಸ್ತಿ ಬದಲಾಗುವುದಿಲ್ಲ, ಸರಾಸರಿ 750 ಮಿ.ಲೀ. ಆಸುಪಾಸು. ಅಂದರೆ ಗಂಟೆಗೆ ಸುಮಾರು 30 ಮಿ.ಲೀ. ನೀವು ಮನೆ ಬಿಟ್ಟು ಒಂಬತ್ತು ಗಂಟೆ ಹೊರಗಿದ್ದರೆ ಮನೆಯಲ್ಲಿ 270ರಿಂದ 300 ಮಿ.ಲೀ. ಇರಬೇಕು. ಕೆಲವರು ಲೀಟರ್‌ಗಟ್ಟಲೆ ಬೇಕು ಅಂದುಕೊಂಡು ಮೊದಲೇ ಕೈಚೆಲ್ಲುತ್ತಾರೆ. ಅಷ್ಟೆಲ್ಲ ಬೇಡ. ಮನೆ ಬಿಡುವ ಮುಂಚೆ ಒಂಬತ್ತಕ್ಕೆ ಹೊಟ್ಟೆ ತುಂಬ ಕುಡಿಸಿ. ಹನ್ನೊಂದೂವರೆಗೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ, ನಾಲ್ಕರ ಸುಮಾರಿಗೆ ಒಂದು ಸಲ ಹಾಲು ತೆಗೆಯಿರಿ. ಮನೆ ಹತ್ತಿರ ಇದ್ದರೆ ಊಟದ ಹೊತ್ತಿಗೆ ಯಜಮಾನರೋ ಅತ್ತೆಯೋ ಮಗುವನ್ನು ಕರೆತಂದರೆ ಇನ್ನೂ ಚೆನ್ನ, ಆ ಒಂದು ಸಲದ ಹಾಲು ತೆಗೆಯುವ ಕೆಲಸವೇ ತಪ್ಪುತ್ತದೆ. ಸಂಜೆ ಬಂದ ತಕ್ಷಣ ಕುಡಿಸಿ. ರಾತ್ರಿ ಎಷ್ಟು ಸಲ ಕೇಳಿದರೂ ಕುಡಿಸಿ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳು ಹಗಲು ಸ್ವಲ್ಪ ಕಡಿಮೆ ಕುಡಿದು ರಾತ್ರಿ ಜಾಸ್ತಿ ಕುಡಿಯುವುದು ಮಾಮೂಲಿ, ಗಾಬರಿ ಬೇಡ. ಪ್ರೊಲ್ಯಾಕ್ಟಿನ್ ರಾತ್ರಿಯೇ ಜಾಸ್ತಿ ಇರುತ್ತದೆ, ಆ ರಾತ್ರಿ ಕುಡಿಸುವುದೇ ನಿಮ್ಮ ಹಗಲಿನ ಹಾಲನ್ನೂ ಉಳಿಸುತ್ತದೆ. ನಿದ್ದೆ ಕೆಡುತ್ತದೆ, ನಿಜ. ಅದಕ್ಕೆ ಬೆಳಗಿನ ಅಡುಗೆ, ಪಾತ್ರೆ, ನೀರು ಹಿಡಿಯುವ ಕೆಲಸ ಯಜಮಾನರು ಹಂಚಿಕೊಳ್ಳಲಿ. ಎದೆಹಾಲು ಕೊಡಲು ಅವರಿಗೆ ಆಗುವುದಿಲ್ಲ, ಉಳಿದದ್ದೆಲ್ಲ ಆಗುತ್ತದೆ.

ಹಾಲು ತೆಗೆಯುವುದು ಹೇಗೆ? ಪಂಪ್ ಇದ್ದರೆ ಸರಿ, ಇಲ್ಲದಿದ್ದರೂ ಏನೂ ತೊಂದರೆ ಇಲ್ಲ, ಕೈಯೇ ಸಾಕು. ನಾನು ಮೊದಲು ಕೈಯಲ್ಲಿ ತೆಗೆಯುವುದನ್ನೇ ಕಲಿಸುತ್ತೇನೆ, ಯಾಕೆಂದರೆ ಕೈ ಮರೆತು ಬರುವ ಹಾಗಿಲ್ಲ, ಕರೆಂಟೂ ಬೇಡ. ಸೋಪು ಹಾಕಿ ಕೈ ತೊಳೆಯಿರಿ. ಬಟ್ಟೆ, ಜೀನ್ಸ್ ನಡುವೆ ಇದ್ದವರು ಮೊಣಕೈ ತನಕ ತೊಳೆದರೆ ಒಳ್ಳೆಯದು, ಆ ನೀಲಿ ಬಣ್ಣ, ನೂಲಿನ ಧೂಳು ಉಗುರು ಸಂದಿಯಲ್ಲೂ ಇರುತ್ತದೆ. ಕೂತು ಎರಡು ನಿಮಿಷ ಎದೆಯನ್ನು ಮೇಲಿಂದ ಕೆಳಗೆ ಮೆತ್ತಗೆ ನೀವಿಕೊಳ್ಳಿ. ಆಮೇಲೆ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನ ಸುತ್ತ ಇರುವ ಕಪ್ಪು ಭಾಗದ ಅಂಚಿನ ಹತ್ತಿರ ಹಿಡಿಯಿರಿ. ಮೊದಲು ಬೆರಳನ್ನು ಎದೆಗೂಡಿನ ಕಡೆಗೆ ಹಿಂದೆ ಒತ್ತಿ, ಆಮೇಲೆ ಎರಡೂ ಬೆರಳು ಕೂಡುವ ಹಾಗೆ ಅಮುಕಿ, ಬಿಡಿ. ಒತ್ತಿ, ಅಮುಕಿ, ಬಿಡಿ. ಬೆರಳನ್ನು ಚರ್ಮದ ಮೇಲೆ ಜಾರಿಸಬೇಡಿ, ತೊಟ್ಟನ್ನು ಎಳೆಯಲೇಬೇಡಿ, ನೋವಾದರೆ ಹಿಡಿದಿರುವುದು ತಪ್ಪು ಅಂತ ಅರ್ಥ. ಮೊದಲ ಒಂದೆರಡು ನಿಮಿಷ ಹನಿ ಹನಿ ಅಷ್ಟೇ ಬರುತ್ತದೆ, ಅಲ್ಲಿಗೇ ಬಿಟ್ಟುಬಿಡುವವರೇ ಜಾಸ್ತಿ. ತಾಳಿ. ಎಮ್ಮೆ ಕೂಡ ಕರು ಮುಂದೆ ಬಂದ ಮೇಲೇ ಅಲ್ವಾ ಹಾಲು ಇಳಿಸುವುದು? ಮೊಬೈಲಿನಲ್ಲಿ ಮಗಳ ಫೋಟೋ ನೋಡಿ, ಅವಳ ಕುಂಚಿಗೆ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರೆ ಮೂಗಿನ ಹತ್ತಿರ ಹಿಡಿಯಿರಿ. ಒಮ್ಮೆಲೇ ಪಿಚಕಾರಿಯ ಹಾಗೆ ಬರುತ್ತದೆ. ಒಂದು ಕಡೆ ಧಾರೆ ಸಣ್ಣಗಾದ ಕೂಡಲೇ ಇನ್ನೊಂದು ಕಡೆ, ಮತ್ತೆ ಮೊದಲಿನ ಕಡೆ. ಅಭ್ಯಾಸ ಆದ ಮೇಲೆ ಹದಿನೈದು, ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಕೆಲಸಕ್ಕೆ ಹೋಗುವ ಹಿಂದಿನ ದಿನ ಕಲಿಯಬೇಡಿ, ಇವತ್ತಿಂದಲೇ ದಿನಕ್ಕೆ ಒಂದು ಸಲ, ಬೆಳಗಿನ ಜಾವ ಮಗು ಕುಡಿದ ಮೇಲೆ, ಸ್ವಲ್ಪ ಸ್ವಲ್ಪ ತೆಗೆದು ನೋಡಿ. ಶುರುವಿನಲ್ಲಿ 20 ಮಿ.ಲೀ. ಬಂದರೂ ಬೇಜಾರು ಬೇಡ. ಕೂಸು ಚೀಪಿದಾಗ ಬರುವಷ್ಟು ಕೈಗೆ ಯಾವತ್ತೂ ಬರುವುದಿಲ್ಲ, ಅದನ್ನು ನೋಡಿ ನನಗೆ ಹಾಲಿಲ್ಲ ಅಂದುಕೊಳ್ಳಬಾರದು. ಕೂಸಿಗೆ ಸಾಲುತ್ತಿದೆಯಾ ಅಂತ ತಿಳಿಯಲು ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಉಚ್ಚೆ ಮಾಡುತ್ತಾಳಾ, ತೂಕ ಏರುತ್ತಿದೆಯಾ ನೋಡಿ, ಅಷ್ಟು ಸಾಕು.

ಇನ್ನು ನಮ್ಮ ಬಿಸಿಲು. ಇಲ್ಲಿ ನಿಮ್ಮ ಅತ್ತೆಯ ಮಾತಿನಲ್ಲಿ ಸತ್ಯ ಇದೆ, ಅದನ್ನು ಒಪ್ಪಿಕೊಳ್ಳೋಣ. ಎಲ್ಲಾ ಕಡೆ ಬರೆದಿರುತ್ತಾರಲ್ಲ, ತೆಗೆದ ಹಾಲು ಹೊರಗೆ ನಾಲ್ಕು ಗಂಟೆ ಇರುತ್ತದೆ ಅಂತ, ಅದು ಸುಮಾರು 25 ಡಿಗ್ರಿ ಇರುವ ಕೋಣೆಯ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಹೊರಗೆ 40 ದಾಟುತ್ತದೆ, ತಗಡಿನ ಸೂರಿನ ಕೆಳಗೆ ಮಧ್ಯಾಹ್ನ ಕೂರುವುದೇ ಕಷ್ಟ. ಅಂಥ ಕಡೆ ಹಾಲನ್ನು ಹಾಗೇ ಮೇಜಿನ ಮೇಲೆ ಇಡಬಾರದು. ಯೂನಿಟ್ಟಿನಲ್ಲಿ ಫ್ರಿಜ್ ಇದ್ದರೆ ತೆಗೆದ ತಕ್ಷಣ ಅದರೊಳಗೆ, ಬಾಗಿಲಿನ ಕಡೆ ಅಲ್ಲ, ಹಿಂದೆ ತಂಪು ಜಾಸ್ತಿ ಇರುವ ಕಡೆ ಇಡಿ. ಫ್ರಿಜ್ ಇಲ್ಲದಿದ್ದರೆ ಒಂದು ಸಣ್ಣ ಐಸ್ ಬಾಕ್ಸು, ಒಳಗೆ ಫ್ರೀಜರಿನಲ್ಲಿ ಗಟ್ಟಿ ಮಾಡಿದ ಎರಡು ಮೂರು ಐಸ್ ಪ್ಯಾಕು. ಅದು ಗಟ್ಟಿಯಾಗಿರುವ ತನಕ ಹಾಲಿಗೆ ಏನೂ ಆಗುವುದಿಲ್ಲ, ಒಳ್ಳೆಯ ಬಾಕ್ಸಿನಲ್ಲಿ 24 ಗಂಟೆ ತನಕ ಇಡಬಹುದು ಅನ್ನುತ್ತಾರೆ, ನಿಮಗೆ ಬೇಕಾದದ್ದು ಏಳೆಂಟು ಗಂಟೆ ಅಷ್ಟೇ. ಮನೆಗೆ ಬಂದ ಮೇಲೆ ಫ್ರಿಜ್ಜಿಗೆ. ಅಲ್ಲಿ ನಾಲ್ಕು ದಿನ ಇರುತ್ತದೆ. ಫ್ರೀಜರಿನಲ್ಲಿ ಆರು ತಿಂಗಳು. ಆದರೆ ಮನೆಯಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುತ್ತಿದ್ದರೆ ಜಾಸ್ತಿ ಕೂಡಿಡಬೇಡಿ, ಇವತ್ತು ತೆಗೆದದ್ದು ನಾಳೆಗೆ ಅನ್ನುವ ಹಾಗೆ ನಡೆಸಿ, ಅದೇ ಸರಿ. ಒಂದು ಸಲ ಕರಗಿದ ಹಾಲನ್ನು ಮತ್ತೆ ಗಟ್ಟಿ ಮಾಡುವ ಹಾಗಿಲ್ಲ.

ಸ್ಟೀಲಿನದೋ ಗಾಜಿನದೋ ಸಣ್ಣ ಡಬ್ಬಿ, ಬಿಗಿ ಮುಚ್ಚಳ ಇರಲಿ. ಒಂದೊಂದರಲ್ಲಿ 60ರಿಂದ 90 ಮಿ.ಲೀ. ಮಾತ್ರ ಹಾಕಿ. ದೊಡ್ಡ ಡಬ್ಬಿಯಲ್ಲಿ ಹಾಕಿದರೆ ಉಳಿದದ್ದು ಚೆಲ್ಲಬೇಕಾಗುತ್ತದೆ, ಯಾಕೆಂದರೆ ಕೂಸು ಬಾಯಿ ಹಚ್ಚಿದ ಹಾಲನ್ನು ಎರಡು ಗಂಟೆ ಮೇಲೆ ಇಡಬಾರದು. ಅಷ್ಟು ಕಷ್ಟಪಟ್ಟು ತೆಗೆದ ಹಾಲು ಚೆಲ್ಲುವಾಗ ಎಷ್ಟು ಸಂಕಟ ಆಗುತ್ತದೆ ಅಂತ ನನಗೆ ಗೊತ್ತು. ಕುಡಿಸುವ ಮುಂಚೆ ಕುದಿಸಬಾರದು, ಒಲೆ ಮೇಲೆ ಇಡಬಾರದು. ಬಟ್ಟಲಿನಲ್ಲಿ ಬಿಸಿನೀರು ಹಾಕಿ ಅದರೊಳಗೆ ಡಬ್ಬಿ ಇಟ್ಟರೆ ಸಾಕು. ಮೇಲೆ ಕೆನೆ ಬೇರೆ, ಕೆಳಗೆ ನೀರು ಬೇರೆ ಕಂಡರೆ ಒಡೆದಿದೆ ಅಂತ ಅತ್ತೆ ಚೆಲ್ಲಿಬಿಡಬಹುದು, ಮೊದಲೇ ಹೇಳಿಡಿ. ಅದು ಒಡೆದದ್ದಲ್ಲ, ಮೆತ್ತಗೆ ಅಲ್ಲಾಡಿಸಿದರೆ ಕೂಡಿಕೊಳ್ಳುತ್ತದೆ.

ಕುಡಿಸಲು ಬಾಟಲಿ ಬೇಡ. ಬಾಟಲಿಯ ನಿಪ್ಪಲ್ ರೂಢಿ ಆದ ಮೇಲೆ ಕೆಲವು ಕೂಸುಗಳು ಎದೆ ಹಿಡಿಯಲು ಹಟ ಮಾಡುತ್ತವೆ, ಜೊತೆಗೆ ಅದನ್ನು ತೊಳೆಯುವುದು ಕಷ್ಟ, ಸಂದಿಯಲ್ಲಿ ಉಳಿದ ಹಾಲಿನಿಂದ ಭೇದಿ ಶುರುವಾಗುತ್ತದೆ. ನಿಮ್ಮ ಮನೆಯಲ್ಲೇ ಇದಕ್ಕೆ ಹಳೆಯ ವಸ್ತು ಇರಬಹುದು. ಒಳಲೆ, ಕೂಸಿಗೆ ಹಾಲು ಕುಡಿಸುವ ಮೂತಿಯಿರುವ ಸಣ್ಣ ಬಟ್ಟಲು. ಅತ್ತೆಯ ಟ್ರಂಕಿನಲ್ಲಿ, ಬೆಳ್ಳಿಯದೋ ಹಿತ್ತಾಳೆಯದೋ. ಹಿತ್ತಾಳೆಯದಾದರೆ ಬಿಡಿ, ಸ್ಟೀಲಿನದು ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ, ಸಣ್ಣ ಲೋಟ ಆದರೂ ನಡೆಯುತ್ತದೆ. ಹತ್ತು ನಿಮಿಷ ನೀರಿನಲ್ಲಿ ಕುದಿಸಿ. ಮಗುವನ್ನು ತೊಡೆ ಮೇಲೆ ನೆಟ್ಟಗೆ ಕೂರಿಸಿ, ತಲೆಗೆ ಕೈ ಕೊಟ್ಟು, ಹಾಲು ಕೆಳತುಟಿಗೆ ತಾಗುವಷ್ಟು ಮಾತ್ರ ಬಗ್ಗಿಸಬೇಕು. ಬಾಯಿಗೆ ಸುರಿಯಬಾರದು. ಕೂಸು ತಾನೇ ನಾಲಿಗೆ ಚಾಚಿ ನೆಕ್ಕುತ್ತದೆ, ಹೀರುತ್ತದೆ. ಮಲಗಿಸಿ ಒಳಲೆ ಹಿಡಿಯುವ ಹಳೆಯ ರೂಢಿ ಒಂದು ಬಿಟ್ಟರೆ ಆಯಿತು, ಅದರಿಂದ ನೆತ್ತಿಗೆ ಹತ್ತುತ್ತದೆ. ಕೆಲಸಕ್ಕೆ ಹೋಗುವ ಹತ್ತು ದಿನ ಮುಂಚೆ ಅತ್ತೆಯೇ ಶುರು ಮಾಡಲಿ. ನೀವು ಹಿಡಿದರೆ ಮಗಳು ಒಳಲೆ ಕಡೆ ನೋಡುವುದೇ ಇಲ್ಲ, ನಿಮ್ಮ ವಾಸನೆ ಸಿಕ್ಕ ಮೇಲೆ ಅವಳಿಗೆ ಬೇರೇನೂ ಬೇಡ.

ಕಾದ ಹಾಲಿನ ವಿಷಯ. ರಾಯಚೂರು, ಕೊಪ್ಪಳ, ಬಳ್ಳಾರಿ, ಎಲ್ಲಿ ಹೋದರೂ ಈ ಮಾತು ಕೇಳುತ್ತೇನೆ, ಬಿಸಿಲಿನ ನಾಡಿನಲ್ಲಿ ಹುಟ್ಟಿದ ಭಯ ಇದು. ಎದೆಯೊಳಗಿನ ಹಾಲು ಮೈಯ ಬಿಸಿಯಷ್ಟೇ ಇರುತ್ತದೆ, ಬಿಸಿಲಿಗೆ ಕಾಯುವುದಿಲ್ಲ, ಕೆಡುವುದಿಲ್ಲ, ಬೆಳಗಿನಿಂದ ಕುಡಿಸದಿದ್ದರೂ ಒಳಗೆ ಹುಳಿಯಾಗುವುದಿಲ್ಲ. ಮೊದಲು ಬರುವ ಹಾಲನ್ನು ಹಿಂಡಿ ಚೆಲ್ಲುವ ಅಗತ್ಯವೂ ಇಲ್ಲ. ಬಿಸಿಲಿಂದ ಬಂದವರು ಮುಖ, ಕೈಕಾಲು ತೊಳೆದು, ಒಂದು ಚೊಂಬು ನೀರೋ ಮಜ್ಜಿಗೆಯೋ ಕುಡಿದು, ಫ್ಯಾನಿನ ಕೆಳಗೆ ಎರಡು ನಿಮಿಷ ಕೂತು ಆಮೇಲೆ ಕುಡಿಸಲಿ, ಅದು ತಾಯಿಯ ದಣಿವಿಗೆ. ದೃಷ್ಟಿಯ ಮಾತಿಗೆ ನಾನು ವಾದ ಮಾಡುವುದಿಲ್ಲ. ಡಬ್ಬಿಗೆ ಒಂದು ಬಟ್ಟೆ ಸುತ್ತಿ ಒಳಗೆ ಇಡಿ, ಯಾರ ಕಣ್ಣಿಗೂ ಬೀಳುವುದಿಲ್ಲ, ಅತ್ತೆಗೂ ಸಮಾಧಾನ. ಇನ್ನೊಂದು ಮಾತ್ರ ಗಟ್ಟಿಯಾಗಿ ಹೇಳಿ: ಎಷ್ಟೇ ಬಿಸಿಲಿರಲಿ, ಆರು ತಿಂಗಳು ತುಂಬುವ ತನಕ ಒಂದು ಚಮಚ ನೀರೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ ಹತ್ತಿರ ಹತ್ತಿರ 88 ಪಾಲು ನೀರೇ ಇದೆ. ಬಾಯಾರಿದರೆ ಕೂಸು ಇನ್ನೊಂದು ಸಲ ಕುಡಿಯುತ್ತದೆ. ಬೇಸಿಗೆಯಲ್ಲಿ ಗುಟುಕು ನೀರು ಹಾಕಿ ಭೇದಿ ಹಚ್ಚಿಕೊಂಡು ಆಸ್ಪತ್ರೆಗೆ ಬರುವ ಕೂಸುಗಳನ್ನು ನೋಡಿದರೆ ಕರುಳು ಕಿತ್ತುಬರುತ್ತದೆ.

ಡಬ್ಬಿ ಹಾಲಿನ ಬಗ್ಗೆ ನಿಮ್ಮ ಮ್ಯಾನೇಜರ್ ಅಷ್ಟು ಸುಲಭವಾಗಿ ಹೇಳಿದರಲ್ಲ, ಟಿವಿಯಲ್ಲಿ ಅದರ ಜಾಹೀರಾತು ಯಾಕೆ ಬರುವುದಿಲ್ಲ ಅಂತ ಅವರು ಯೋಚನೆ ಮಾಡಿರಲಿಕ್ಕಿಲ್ಲ. 1992ರಲ್ಲೇ ದೇಶದಲ್ಲಿ ಕಾಯ್ದೆ ಆಗಿದೆ, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಎರಡು ವರ್ಷದ ಒಳಗಿನ ಮಕ್ಕಳಿಗೆ ಅಂತ ಹಾಲಿನ ಪುಡಿ, ಬಾಟಲಿ, ಡಬ್ಬಿ ಆಹಾರದ ಪ್ರಚಾರ ಮಾಡುವ ಹಾಗಿಲ್ಲ. ನಿಜವಾಗಿ ಬೇಕಾದ ಮಕ್ಕಳಿದ್ದಾರೆ, ಅಂಥ ತಾಯಂದಿರನ್ನು ನಾನು ಒಂದು ಮಾತೂ ಆಡುವುದಿಲ್ಲ, ಡಾಕ್ಟರ್ ಹೇಳಿದ ಅಳತೆಯಲ್ಲಿ, ಕುದಿಸಿದ ನೀರಿನಲ್ಲಿ ಧೈರ್ಯವಾಗಿ ಕೊಡಲಿ. ಆದರೆ ಹಾಲು ತುಂಬಿರುವ ತಾಯಿಗೆ ಬಿಡುವು ಕೊಡಲು ಮನಸ್ಸಿಲ್ಲ ಅಂತ ಡಬ್ಬಿ ತೋರಿಸುವುದು ಬೇರೆ.

ಯಾಕೆಂದರೆ ಬಿಡುವು ಅವರು ಕೊಡುವ ದಾನ ಅಲ್ಲ, ನಿಮ್ಮ ಹಕ್ಕು. 1961ರ ಹೆರಿಗೆ ಸೌಲಭ್ಯ ಕಾಯ್ದೆ, 2017ರಲ್ಲಿ ತಿದ್ದುಪಡಿ ಆಗಿ ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳದ ರಜೆ ಬಂತು. ನೀವು ತೆಗೆದುಕೊಂಡಿರುವುದು ಅದನ್ನೇ. ಅದೇ ಕಾಯ್ದೆಯಲ್ಲಿ, ರಜೆ ಮುಗಿಸಿ ಬಂದ ತಾಯಿಗೆ ಮಗುವಿಗೆ 15 ತಿಂಗಳು ತುಂಬುವ ತನಕ ದಿನಕ್ಕೆ ಎರಡು ಹಾಲೂಡಿಸುವ ವಿರಾಮ ಕೊಡಬೇಕು ಅಂತ ಇದೆ. ಊಟದ ಬಿಡುವು ಬೇರೆ, ಇದು ಬೇರೆ. ಹಾಗಾಗಿಯೇ ಮೇಲೆ ದಿನಕ್ಕೆ ಮೂರು ಸಲ ಅಂತ ಲೆಕ್ಕ ಹಾಕಿದ್ದು. ಈ ವಿರಾಮಕ್ಕೆ ಸಂಬಳ ಹಿಡಿಯುವ ಹಾಗಿಲ್ಲ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಷ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು. ನಿಮ್ಮಲ್ಲಿ ಅರವತ್ತು ದಾಟಿದೆ ಅಂದಿರಿ. ಇನ್ನೊಂದು ಅಂಶ ನಿಮಗೆ ತುಂಬ ಉಪಯೋಗ ಆಗಬಹುದು: ಕೆಲಸದ ರೀತಿ ನೋಡಿಕೊಂಡು, ಇಬ್ಬರೂ ಒಪ್ಪಿದರೆ ರಜೆ ಮುಗಿದ ಮೇಲೂ ಮನೆಯಿಂದ ಕೆಲಸ ಮಾಡಬಹುದು ಅಂತ 2017ರಲ್ಲಿ ಸೇರಿಸಿದ್ದಾರೆ. ಹೊಲಿಗೆ ಮನೆಯಿಂದ ಆಗದಿರಬಹುದು, ಲೆಕ್ಕ ಆಗುತ್ತದೆ ಅಲ್ವಾ? ವಾರಕ್ಕೆ ಎರಡು ದಿನ ಕೇಳಿ ನೋಡಿ. 2025ರ ನವೆಂಬರ್‌ನಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಅದರಲ್ಲೂ ಇವೇ ಸೌಲಭ್ಯಗಳಿವೆ, ಹಾಗಾಗಿ ಯಾರಾದರೂ "ಕಾಯ್ದೆ ಬದಲಾಯಿತು, ಈಗ ಅದೆಲ್ಲ ಇಲ್ಲ" ಅಂದರೆ ನಂಬಬೇಡಿ.

ಆದರೆ ಕಾಯ್ದೆ ಪುಸ್ತಕ ಹಿಡಿದು ಮೊದಲ ದಿನವೇ ಜಗಳಕ್ಕೆ ಹೋಗಬೇಡಿ. ಮಾತಾಡಿ, ಆಮೇಲೆ ಒಂದು ಕಾಗದ ಕೊಡಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಹೀಗೆ ಬರೆದರೆ ಸಾಕು: "ಮಾನ್ಯರೇ, ನಾನು ಇಂಥ ದಿನ ಕೆಲಸಕ್ಕೆ ಹಾಜರಾಗುತ್ತಿದ್ದೇನೆ. ನನ್ನ ಮಗುವಿಗೆ ಎದೆಹಾಲು ಕೊಡುತ್ತಿರುವುದರಿಂದ ಮಗುವಿಗೆ 15 ತಿಂಗಳು ತುಂಬುವವರೆಗೆ ಕಾಯ್ದೆಯ ಪ್ರಕಾರ ದಿನಕ್ಕೆ ಎರಡು ವಿರಾಮ ಬೇಕಾಗಿದೆ. ಬೆಳಿಗ್ಗೆ 11.30 ಮತ್ತು ಮಧ್ಯಾಹ್ನ 4 ಗಂಟೆ ನನಗೆ ಅನುಕೂಲ. ಇದಕ್ಕೆ ಬಾಗಿಲಿರುವ ಒಂದು ಜಾಗ ಗೊತ್ತು ಮಾಡಿಕೊಡಬೇಕೆಂದು ವಿನಂತಿ." ದಿನಾಂಕ ಹಾಕಿ, ಒಂದು ಪ್ರತಿಗೆ ಸಹಿ ಮಾಡಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ದೂರು ಕೊಡಬಹುದು.

ಜಾಗ ಅಂದರೆ ಮಾಲೀಕರು ದೊಡ್ಡ ಖರ್ಚು ಅಂದುಕೊಳ್ಳುತ್ತಾರೆ. ಒಂದು ಕಡೆ ಹೀಗೇ ಕೇಳಿಕೊಂಡ ಮೇಲೆ ಗೋದಾಮಿನ ಮೂಲೆಯಲ್ಲಿ ಆರು ಅಡಿ ಜಾಗ ಬಿಟ್ಟರು. ಅಲ್ಲಿನ ಹೆಣ್ಣುಮಕ್ಕಳೇ ಉಳಿದ ಜೀನ್ಸ್ ತುಂಡುಗಳನ್ನು ಕೂಡಿಸಿ ಹೊಲಿದು ನೆಲ ಮುಟ್ಟುವ ಪರದೆ ಮಾಡಿದರು. ದಪ್ಪ ಬಟ್ಟೆ, ಆಚೆಯಿಂದ ನೆರಳೂ ಕಾಣುವುದಿಲ್ಲ. ಒಳಗೆ ಒಂದು ಬೆನ್ನಿರುವ ಕುರ್ಚಿ, ಕಾಲಿಡಲು ಒಂದು ಮಣೆ, ಗೋಡೆಗೆ ಒಂದು ಮೊಳೆ, ಅದಕ್ಕೆ ಬ್ಯಾಗು. ಪರದೆ ಮೇಲೆ ಕೆಂಪು ದಾರದಲ್ಲಿ ಒಂದು ಗುಂಡಿ, ಒಳಗೆ ಯಾರಾದರೂ ಇದ್ದರೆ ಅದಕ್ಕೆ ರಿಬ್ಬನ್ ಸಿಕ್ಕಿಸುತ್ತಾರೆ, ಆಗ ಯಾರೂ ಕರೆಯುವುದಿಲ್ಲ. ಇಷ್ಟೇ. ಆ ರಿಬ್ಬನ್ ನೋಡಿದ ದಿನ ನನ್ನ ಕಣ್ಣಲ್ಲಿ ನೀರು ಬಂತು. ನಿಮ್ಮ ಮ್ಯಾನೇಜರಿಗೆ ಇದನ್ನೂ ಹೇಳಿ: ಎದೆಹಾಲು ಕುಡಿಯುವ ಮಕ್ಕಳಿಗೆ ಭೇದಿ, ನ್ಯುಮೋನಿಯಾ ಬರುವುದು ಕಡಿಮೆ, ಮಗು ಚೆನ್ನಾಗಿದ್ದರೆ ತಾಯಿ ರಜೆ ಹಾಕುವುದೂ ಕಡಿಮೆ. ಕೆಲಸ ಕಲಿತವಳನ್ನು ಕಳೆದುಕೊಂಡು ಹೊಸಬರಿಗೆ ಲೆಕ್ಕ ಕಲಿಸುವುದಕ್ಕಿಂತ ಒಂದು ಕುರ್ಚಿ ಅಗ್ಗ.

ಮೊದಲ ವಾರ ಎದೆ ಬಿಗಿಯುತ್ತದೆ, ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ, ಕುಪ್ಪಸದೊಳಗೆ ಹತ್ತಿ ಬಟ್ಟೆಯ ಮಡಿಕೆ ಇಡಿ. ಎಲ್ಲಾದರೂ ಗಡ್ಡೆ ಕಟ್ಟಿ, ಕೆಂಪಾಗಿ, ಚಳಿಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಆ ಕಡೆಯ ಹಾಲು ಕೊಡುವುದನ್ನು ನಿಲ್ಲಿಸಬೇಡಿ, ನಿಲ್ಲಿಸಿದರೆ ಇನ್ನೂ ಕಟ್ಟಿಕೊಳ್ಳುತ್ತದೆ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಬೇಳೆ ಕಿವುಚಿದ ಮೆತ್ತನ್ನ ಅನ್ನ ಶುರು ಮಾಡಿ, ಆಗ ಹಗಲಿನ ಹಾಲಿನ ಒತ್ತಡವೂ ತಗ್ಗುತ್ತದೆ. ಎದೆಹಾಲು ಎರಡು ವರ್ಷದ ತನಕ ನಡೆಯಲಿ.

ಈಗ ನಿಮ್ಮ ನಾದಿನಿ. ಅವರ ಬಗ್ಗೆ ನೀವು ಕೇಳಿದ್ದು ನನಗೆ ತುಂಬ ಖುಷಿ ಆಯಿತು, ಯಾಕೆಂದರೆ ಎದೆಹಾಲಿನ ಹಕ್ಕು ಅಂತ ಮಾತಾಡುವಾಗ ಹೊಲದಲ್ಲಿ ಇರುವವರನ್ನು ಎಲ್ಲರೂ ಮರೆಯುತ್ತಾರೆ. ಅವರಿಗೆ ಮ್ಯಾನೇಜರ್ ಇಲ್ಲ, ಕಾಗದ ಕೊಡಲು ಯಾರೂ ಇಲ್ಲ. ಕಾಯಿ ಬಿಡಿಸುವುದು ಎಷ್ಟೋ ಕಡೆ ತೂಕದ ಲೆಕ್ಕ, ಕೂಸಿಗೆ ಹಾಲು ಕೊಟ್ಟ ಅರ್ಧ ಗಂಟೆ ಅಂದರೆ ಅಷ್ಟು ಕಾಯಿ ಕಡಿಮೆ, ಅಷ್ಟು ದುಡ್ಡು ಕಡಿಮೆ. ನನ್ನ ಪ್ರಕಾರ ಇಲ್ಲಿ ದಾರಿ ಕೂಲಿ ಗುಂಪಿನೊಳಗೇ ಇದೆ. ಹತ್ತು ಹನ್ನೆರಡು ಜನರ ಗುಂಪಿನಲ್ಲಿ ಎರಡು ಮೂರು ಕೂಸಿದ್ದರೆ ಒಬ್ಬ ವಯಸ್ಸಾದವರು ಬೇವಿನ ಮರದ ಕೆಳಗೆ ಜೋಲಿ ನೋಡಿಕೊಳ್ಳಲಿ, ಉಳಿದವರು ಅವರ ಕೂಲಿಯನ್ನು ಹಂಚಿಕೊಂಡು ಕೊಡಲಿ. ಇದು ಹೊಸದೇನಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಕೂಲಿ ಕೊಡಬೇಕು ಅಂತ ಬರೆದಿದ್ದರು. ಸರ್ಕಾರ ಬರೆದದ್ದನ್ನು ಗುಂಪಿನವರೂ ಮಾಡಿಕೊಳ್ಳಬಹುದು, ಜಮೀನಿನವರೂ ಒಂದು ಪಾಲು ಹಾಕಿದರೆ ಅವರ ಗಂಟೇನೂ ಹೋಗುವುದಿಲ್ಲ. ಊರಿನ ಪಂಚಾಯಿತಿಯಲ್ಲಿ ಕೂಲಿಗೆ ಹೋಗುವವರ ಮಕ್ಕಳನ್ನು ಹಗಲು ನೋಡಿಕೊಳ್ಳುವ "ಕೂಸಿನ ಮನೆ" ತೆರೆದಿದ್ದಾರಾ ಅಂತ ವಿಚಾರಿಸಿ, ಕೂಸು ಸ್ವಲ್ಪ ದೊಡ್ಡದಾದ ಮೇಲೆ ಅಲ್ಲಿ ಬಿಡಬಹುದು. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಬಿಸಿಯೂಟ ಬಾಣಂತಿಯರಿಗೂ ಇದೆ, 2017ರಿಂದ ನಡೆಯುತ್ತಿದೆ, ಅನ್ನ, ಸಾರು, ಮೊಟ್ಟೆ, ಹಾಲು. ಹೊಲ ಹತ್ತಿರ ಇದ್ದರೆ ಅಲ್ಲಿಗೆ ಹೋಗಿ ಉಂಡು, ಕೂಸಿಗೂ ಕುಡಿಸಿ ಬರಲಿ. ಮೂರನೇ ತಿಂಗಳಿಗೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂಸನ್ನು ನೋಡಬೇಕು, ಆಮೇಲೆ ಆರು, ಒಂಬತ್ತು, ಹನ್ನೆರಡು, ಹದಿನೈದನೇ ತಿಂಗಳಿಗೆ. ಬಂದಿಲ್ಲ ಅಂದರೆ ಕರೆಸಿಕೊಳ್ಳಿ.

ಕೂಸನ್ನು ಹೊಲಕ್ಕೆ ಕರೆದೊಯ್ಯುವಾಗ ಔಷಧಿ ಹೊಡೆದ ಹೊಲ ಯಾವುದು ಅಂತ ಮೊದಲು ಕೇಳಲಿ. ಹೊಡೆದ ದಿನ, ಮಾರನೇ ದಿನ ಕೂಸು ಆ ಕಡೆ ಬೇಡ. ಕೆಲಸಕ್ಕೆ ಹಾಕುವ ಮೇಲಂಗಿ ಒಂದು ಬೇರೆಯೇ ಇರಲಿ, ಹಾಲು ಕೊಡುವ ಮುಂಚೆ ಅದನ್ನು ತೆಗೆದು ಬದಿಗಿಡಲಿ. ಇನ್ನು ಮೆಣಸಿನಕಾಯಿಯ ಕೈ. ಈ ಒಂದು ವಿಷಯಕ್ಕೆ ಎಷ್ಟು ಕೂಸುಗಳು ಕಿರುಚಿ ಅಳುತ್ತವೋ ಲೆಕ್ಕವಿಲ್ಲ, ತಾಯಿ ಪಾಪ ಹೊಟ್ಟೆನೋವು ಅಂದುಕೊಳ್ಳುತ್ತಾಳೆ. ಖಾರ ಬರೀ ನೀರಿಗೆ ಹೋಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಒಂದು ಸಣ್ಣ ಸೀಸೆಯಲ್ಲಿ ಅಡುಗೆ ಎಣ್ಣೆ ಬುತ್ತಿಗಂಟಿನಲ್ಲಿ ಇರಲಿ. ಮೊದಲು ಎಣ್ಣೆ ಹಚ್ಚಿ ಬೆರಳ ಸಂದಿ, ಉಗುರು ಎಲ್ಲಾ ತಿಕ್ಕಲಿ, ಬಟ್ಟೆಯಿಂದ ಒರೆಸಲಿ, ಆಮೇಲೆ ಸೋಪು ಹಾಕಿ ಎರಡು ಸಲ ತೊಳೆಯಲಿ. ಬೆವರು ಒರೆಸಿಕೊಂಡಾಗ ಕುತ್ತಿಗೆಗೆ, ಎದೆಗೆ ಖಾರ ತಾಗಿರುತ್ತದೆ, ಅಲ್ಲೂ ಹೀಗೇ ಎಣ್ಣೆ ಸವರಿ ಒರೆಸಿ ತೊಳೆಯಲಿ. ತೊಳೆದ ಮೇಲೆ ಬೆರಳನ್ನು ತನ್ನದೇ ತುಟಿಗೆ ಮುಟ್ಟಿಸಿ ನೋಡಲಿ. ಉರಿ ಇಲ್ಲ ಅಂದರೆ ಕೂಸನ್ನು ಎತ್ತಿಕೊಳ್ಳಲಿ.